ಕಾಗೆ ಒಯ್ದ ಹರಳು

ಆ ಸೋಮವಾರ ಪಾರ್ಲರಿಗೆ ರಜೆ. ವ್ಯಾಕ್ಸ್ ಹೀಟರಿನ ಅಂಚಿಗೆ ಹಿಡಿದಿದ್ದ ಹಳೆಯ ಮೇಣಕ್ಕೆ ಎಣ್ಣೆ ಹಚ್ಚಿ ಒರೆಸುತ್ತ ಕುಳಿತಿದ್ದೆ. ಶಟರ್ ಅರ್ಧ ಎಳೆದಿತ್ತು. ತಂಗಿ ಅದರ ಕೆಳಗಿನಿಂದ ಬಗ್ಗಿ ಒಳಗೆ ಬಂದಳು. ಹೆಲ್ಮೆಟ್ ಕೂಡ ತೆಗೆಯದೆ ಕೇಳಿದಳು:

“ಅಕ್ಕಾ, ನಿನ್ನ ಕಡೆ ಟೇಪ್ ಅದ ಏನು?”

“ಯಾಕ, ನಿಮ್ಮ ಲ್ಯಾಬಿನಾಗ ಟೇಪಿಗೂ ಬರಗಾಲ ಬಂತೇನು?”

“ಅಲ್ಲಿ ಬೇಕಾದಷ್ಟದ. ನಿನ್ನ ಮುಂದ ಒಂದು ಮಾಡಿ ತೋರಸಬೇಕಾಗೇದ. ಕೊಡ ಖೋಡಿ.”

ನನಗಿಂತ ಏಳು ವರ್ಷಕ್ಕೆ ಸಣ್ಣವಳು ನನಗೆ ಖೋಡಿ ಎಂದು ಬೈಯುತ್ತಿದ್ದಳು. ನಾನು ಹನ್ನೆರಡನೆಯ ತರಗತಿ ಮುಗಿಸಿ ಬ್ಯೂಟಿಷಿಯನ್ ಕೋರ್ಸ್ ಮಾಡಿದವಳು. ಅವಳು ನಾವಿದ್ದ ಪುಣೆಯದೇ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು, ಕುಲುಮೆಯಲ್ಲಿ ಹರಳು ಬೆಳೆಸುವುದು ಅವಳ ಕೆಲಸ. ಹೊಸಬರು ಮನೆಗೆ ಬಂದರೆ ನಮ್ಮವ್ವ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಪರಿಚಯಿಸುತ್ತಿದ್ದಳು. “ಒಬ್ಬಾಕಿ ಕಲ್ಲು ಬೆಳಸ್ತಾಳ, ಇನ್ನೊಬ್ಬಾಕಿ ಕೂದಲಾ ಕೀಳ್ತಾಳ.”

ತಂಗಿ ಚೀಲದಿಂದ ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಒಳಗೆ ಕಿರುಬೆರಳಿನ ಉಗುರಿನಷ್ಟು ಒಂದು ಕಲ್ಲು. ಬೂದು ಬಣ್ಣ, ಒಡೆದ ಪಾಟಿಯ ಚೂರಿನ ಹಾಗೆ. ಅದರ ಮೇಲೆ ಟೇಪ್ ಅಂಟಿಸಿ, ಉಗುರಿನಿಂದ ಒತ್ತಿ, ಒಂದೇ ಜಗ್ಗಿಗೆ ಎಳೆದಳು. ಆ ಜಗ್ಗು ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ ಎಷ್ಟೋ ಸಲ ಗಿರಾಕಿಗಳ ಕಾಲ ಮೇಲೆ ನಾನು ಅದನ್ನೇ ಮಾಡುತ್ತೇನೆ. ಟೇಪಿನ ಜೊತೆ ಬೂದು ಪದರವೊಂದು ಎದ್ದು ಬಂತು. ಕೆಳಗೆ ಉಳಿದ ಕಲ್ಲಿನಲ್ಲಿ ನನ್ನ ಟ್ಯೂಬ್‌ಲೈಟ್ ಇಡಿಯಾಗಿ ಕಾಣುತ್ತಿತ್ತು.

“ಫೇಶಿಯಲ್ ಆತು ನೋಡು,” ಎಂದಳು.

ಆಮೇಲೆ ಹೇಳಿದಳು, ಈ ಕಲ್ಲಿನ ಒಳಗೆ ಕರೆಂಟ್ ಹಾಯುವುದಿಲ್ಲವಂತೆ, ಬಾಗಿಲು ಹಾಕಿದ ಹಾಗೆ ಬಂದ್ ಇರುತ್ತದಂತೆ. ಹೊರಮೈಯ ಮೇಲೆ ಮಾತ್ರ ಹರಿಯುತ್ತದಂತೆ.

“ಹಂಗಾರ ನನ್ನ ಗಿರಾಕಿಗಳಂಗ ಅದ ಅನ್ನು. ಒಳಗೇನಿಲ್ಲ, ಎಲ್ಲಾ ಮ್ಯಾಲಿಂದು.”

“ನಿನ್ನ ಗಿರಾಕಿ ಮಾರಿ ತಿಕ್ಕಿದ್ರ ಮೇಕಪ್ ಹೋಗ್ತದ. ಇದಕ್ಕ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಈಗ ಒಂದು ಪದರ ಕಿತ್ತಿದ್ನಲ್ಲ, ಒಳಗಿದ್ದದ್ದು ಹೊರಗಾತು. ಕರೆಂಟ್ ಅಲ್ಲಿಗೇ ಬಂದು ಕೂತದ. ನಡುವ ಕೊಯ್ದು ಎರಡು ಮಾಡಿದ್ರ ಎರಡಕ್ಕೂ ಹೊಸಾ ಹೊರಮೈ.”

“ಯಾರು ಹೇಳ್ಯಾರ ಅದಕ್ಕ ಹಂಗ ಮಾಡಂತ?”

ಅವಳು ನನ್ನ ಜಡೆಯನ್ನು ಹಿಡಿದು ಮುಂದೆ ಎಳೆದಳು. ಕಲ್ಲಿನ ಒಳಗಿನ ಎಲೆಕ್ಟ್ರಾನುಗಳ ಏರ್ಪಾಡು ಹೆಣೆದ ಜಡೆಯ ಹಾಗೆ ಇರುತ್ತದಂತೆ. ಹೊರಗಿನ ಗಾಳಿಯದು ಬಿಟ್ಟ ಕೂದಲು. ಹೆಣೆದದ್ದು ಬಿಟ್ಟದ್ದಕ್ಕೆ ಹೋಗಿ ಸೇರಬೇಕೆಂದರೆ ನಡುವೆ ಎಲ್ಲೋ ಒಂದು ಕಡೆ ಬಿಚ್ಚಲೇಬೇಕು. ಆ ಬಿಚ್ಚುವ ಜಾಗವೇ ಕಲ್ಲಿನ ಹೊರಮೈ. ಅದಕ್ಕೇ ಅಲ್ಲಿ ಕರೆಂಟಿಗೆ ದಾರಿ. ಜಡೆಯ ತುದಿಯನ್ನು ಕತ್ತರಿಸಿದರೆ ಇನ್ನೂ ಮೇಲೆ ಬಿಚ್ಚಿಕೊಳ್ಳುತ್ತದೆಯೇ ಹೊರತು ಬಿಚ್ಚುವುದು ತಪ್ಪುವುದಿಲ್ಲ. ಜಡೆಯ ವಿಷಯವಾದ್ದರಿಂದ ನನಗೆ ತಿಳಿಯಿತು. ಎಲೆಕ್ಟ್ರಾನ್ ವಿಷಯ ಅವಳಿಗೆ ಬಿಟ್ಟೆ.

“ಇದು ಒಂದೇ ಅಕ್ಕಾ ಸರಿ ಬಂದದ್ದು. ಉಳಿದವೆಲ್ಲ ಒಳಗೂ ಸೋರ್ತಾವ. ಒಳಗ ಸೋರಿದ್ರ ಹೊರಗಿಂದು ಯಾವುದು, ಒಳಗಿಂದು ಯಾವುದು, ತಿಳಿಯಂಗಿಲ್ಲ.” ಇಷ್ಟು ಹೇಳಿ ಹಣೆ ಒತ್ತಿಕೊಂಡಳು. “ತಲಿ ಭಾಳ ನೋಯ್ಲಿಕತ್ತದ.”

ಕುರ್ಚಿಯಲ್ಲಿ ಕೂರಿಸಿ ತಲೆಗೆ ಎಣ್ಣೆ ತಿಕ್ಕಿದೆ. ಕಣ್ಣು ಮುಚ್ಚಿಕೊಂಡಳು. ಆಮೇಲೆ ಮನೆಗೆ ಹೋಗಿ ಮಲಗುತ್ತೇನೆಂದು ಎದ್ದಳು. ಡಬ್ಬಿ ನೇಲ್ ಪಾಲಿಶಿನ ಕಪಾಟಿನಲ್ಲೇ ಉಳಿಯಿತು. “ನಾಳೆ ಒಯ್ತೀನಿ,” ಎಂದು ಶಟರಿನ ಆಚೆಯಿಂದ ಕೂಗಿ ಹೇಳಿದಳು.

ಮರುದಿನ ಜ್ವರ. ಡೆಂಗ್ಯೂ ಎಂದರು. ಪುಣೆಯಲ್ಲಿ ಮಳೆಗಾಲದ ಕೊನೆಗೆ ಪ್ರತಿ ಓಣಿಯಲ್ಲೂ ಇಬ್ಬರು ಮೂವರಿಗೆ ಇರುತ್ತದೆ, ಪಪ್ಪಾಯಿ ಎಲೆಯ ರಸ ಕುಡಿಯುತ್ತಾರೆ, ಎದ್ದು ಓಡಾಡುತ್ತಾರೆ. ಇವಳು ಏಳಲಿಲ್ಲ. ಮುಂದಿನ ಸೋಮವಾರ ಬರುವುದರೊಳಗೆ ಎಲ್ಲ ಮುಗಿದಿತ್ತು.

ಅವ್ವ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು: ಬೆಳ್ಳುಳ್ಳಿಯಿಂದ ಹೀಗಾಯಿತೇ? ಡಾಕ್ಟರ್ ನನ್ನ ಮುಖ ನೋಡಿದರು. ನಾನು ವಿವರಿಸಬೇಕಾಯಿತು. ನಮ್ಮ ಮನೆಯಲ್ಲಿ ಚಾತುರ್ಮಾಸದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಶ್ರಾವಣದಲ್ಲಿ ಒಂದು ದಿನ ತಂಗಿಯ ಬಾಯಿಂದ ಬೆಳ್ಳುಳ್ಳಿ ವಾಸನೆ ಬಂದು ಅವ್ವ ರಂಪ ಮಾಡಿದ್ದಳು. ತಂಗಿ ಆಣೆ ಮಾಡಿ ಹೇಳಿದಳು, ಕಲ್ಲಿಗೆ ಹಾಕುವ ಟೆಲ್ಯೂರಿಯಂ ಎಂಬುದರ ಪುಡಿ ಚೂರು ಮೈಗೆ ಸೇರಿದರೂ ಉಸಿರು ಹಾಗೆ ನಾರುತ್ತದೆ ಎಂದು. ಅವ್ವ ಕೇಳಿದ್ದಳು, “ಟೆಲ್ಯೂರಿಯಂ ಅಂದ್ರ ಯಾವ ಓಣಿಯೊಳಗಿನ ಹೋಟೆಲ್ ಅದು?”

ಡಾಕ್ಟರ್ ತಾಳ್ಮೆಯಿಂದ ಕೇಳಿ, ಎರಡಕ್ಕೂ ಸಂಬಂಧವಿಲ್ಲ, ಇದು ಸೊಳ್ಳೆಯ ಜ್ವರ ಎಂದರು. ಅವ್ವ ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ತಿಳಿಯದು.

ಸೂತಕದ ಮನೆಗೆ ತಂಗಿಯ ಲ್ಯಾಬಿನ ಹುಡುಗ ಬಂದ. ತುಮಕೂರಿನವನು, ಅವಳ ಜೊತೆ ಅದೇ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದವನು. ಬಹಳ ಹೊತ್ತು ಚಾಪೆಯ ಅಂಚನ್ನು ಕೀಳುತ್ತ ಕುಳಿತ. ಆಮೇಲೆ ನನ್ನನ್ನು ಹೊರಗಿನ ಗ್ಯಾಲರಿಗೆ ಕರೆದು ಪಿಸುಗುಟ್ಟಿದ.

“ಅಕ್ಕಾ, ಸಾರಿ, ಈ ಟೈಮಲ್ಲಿ ಕೇಳಬಾರದು. ಒಂದು ಸ್ಯಾಂಪಲ್ ಕಾಣಿಸ್ತಿಲ್ಲ. ಆಕ್ಚುಅಲಿ ಅದೊಂದೇ ವರ್ಕ್ ಆಗಿದ್ದು. ದೊಡ್ಡ ಮೆಷಿನ್ನಲ್ಲಿ ನಮಗೆ ಟೈಮ್ ಸಿಕ್ಕಿದೆ. ಅದನ್ನ ಅಳೆದುಬಿಟ್ರೆ ಅವಳ ಥೀಸಿಸ್‌ದು ಲಾಸ್ಟ್ ಚಾಪ್ಟರ್ ಆಗೋಗುತ್ತೆ. ನಾವೇ ಬರೆದು ಮುಗಿಸ್ತೀವಿ.”

ಪಾರ್ಲರಿನಿಂದ ಡಬ್ಬಿ ತಂದುಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಅವ್ವ ಬಂದು ನಿಂತಿದ್ದಳು.

“ಏನದು?”

“ಅವಳು ಬೆಳೆಸಿದ ಕ್ರಿಸ್ಟಲ್ ಅಮ್ಮಾ.”

ಅವ್ವ ಡಬ್ಬಿ ತೆಗೆದು ನೋಡಿದಳು. ನೋಡಿದಳು, ಮತ್ತೆ ನೋಡಿದಳು. “ಇಷ್ಟಽ? ಇದಕ್ಕಂತ ಆಕಿ ದೀಪಾವಳಿ ದಿನಾನೂ ಲ್ಯಾಬ್ ಬಿಟ್ಟು ಮನಿಗೆ ಬರ್ತಿರಲಿಲ್ಲ?”

ಹುಡುಗ ಕಲ್ಲಿನ ಪರವಾಗಿ ಏನೋ ಹೇಳಲು ಹೋದ. ಅವ್ವ ಡಬ್ಬಿಯನ್ನು ಒಯ್ದು, ತಂಗಿಯ ಹೆಸರಿನಲ್ಲಿ ಹಚ್ಚಿಟ್ಟಿದ್ದ ದೀಪದ ಪಕ್ಕದಲ್ಲಿ ಇಟ್ಟಳು. “ಹತ್ತನೇ ದಿನಕ್ಕ ನದಿ ಘಾಟಿಗೆ ಬಾ. ಕಾಗಿಗೆ ತೋರಿಸಿ ಕೊಡ್ತೀನಿ.”

ಅವನು ಹೊರಡುವಾಗ ಅಭ್ಯಾಸದಂತೆ “ಬರ್ತೀನಿ ಅಮ್ಮಾ” ಎಂದುಬಿಟ್ಟ. ಸಾವಾದ ಮನೆಯಲ್ಲಿ ಹಾಗೆ ಹೇಳುವುದಿಲ್ಲ. ನೆನಪಾಗಿ, ಮೆಟ್ಟಿಲ ಮೇಲಿಂದ ತಿರುಗಿ ಬಂದು “ಬರಲ್ಲ ಅಮ್ಮಾ” ಎಂದ.

ಕಾಗೆಯ ಲೆಕ್ಕ ಅವ್ವನಿಗೆ ಆಟದ ಮಾತಾಗಿರಲಿಲ್ಲ. ಹತ್ತನೆಯ ದಿನ ಪಿಂಡಕ್ಕೆ ಕಾಗೆ ಮುಟ್ಟಿದರೆ ಹೋದವರಿಗೆ ಇಲ್ಲಿ ಏನೂ ಉಳಿದಿಲ್ಲ ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಅದನ್ನು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ನಮ್ಮ ಅಪ್ಪನ ಪಿಂಡಕ್ಕೆ ಕಾಗೆ ಬಹಳ ಹೊತ್ತು ಬಂದಿರಲಿಲ್ಲ. ನನ್ನ ಮದುವೆ ಮಾಡುತ್ತೇನೆಂದು ಸೋದರಮಾವ ಮಾತು ಕೊಟ್ಟ ಮೇಲೆ ಬಂದು ಮುಟ್ಟಿತು. ಮದುವೆ ಆಗಲಿಲ್ಲ. ಅದನ್ನು ವಿಚಾರಿಸಲು ಕಾಗೆ ಮತ್ತೆ ಬರಲೂ ಇಲ್ಲ.

ತಂಗಿ ಹೋದ ದಿನದಿಂದ ಅವ್ವ ಅನ್ನ ಬಿಟ್ಟಿದ್ದಳು. ಚಹಾ, ಹಾಲು, ಒಂದು ಬಾಳೆಹಣ್ಣು ಅಷ್ಟೇ. “ಆಕಿ ಪಿಂಡಕ್ಕ ಕಾಗಿ ಮುಟ್ಟಿದ ಮ್ಯಾಲ ಉಣ್ತೀನಿ,” ಎಂದಿದ್ದಳು. ಸಕ್ಕರೆ ಕಾಯಿಲೆಯವಳು. ಹತ್ತನೆಯ ದಿನ ಬೆಳಿಗ್ಗೆ ಅವಳ ಕೈ ಹಿಡಿದು ಘಾಟಿನ ಮೆಟ್ಟಿಲು ಇಳಿಸುವಾಗ ಎರಡು ಕಡೆ ಕೂತು ಎದ್ದಳು. ಆ ದಿನ ನನಗೆ ಬೇಕಾಗಿದ್ದದ್ದು ಕಾಗೆಯೊಂದೇ.

ಮುಠಾ ನದಿಯ ಆ ಘಾಟಿನಲ್ಲಿ ಹತ್ತನೆಯ ದಿನದವರು ಸಾಲಾಗಿ ಕೂರುತ್ತಾರೆ. ಅಲ್ಲಿನ ಕಾಗೆಗಳಿಗೆ ಹಸಿವೆಂಬುದೇ ಇಲ್ಲ. ನಮ್ಮ ಪಕ್ಕ ಕೂತಿದ್ದ ಮರಾಠಿ ಮನೆಯವರು ಪಿಂಡದ ಜೊತೆ ಎರಡು ವಡಾ ಪಾವ್ ಇಟ್ಟಿದ್ದರು. ಕಾಗೆ ಕೂಡಲೇ ಬಂತು. ಅದರಾಚೆಯವರು ತೀರಿಕೊಂಡ ಅಜ್ಜನಿಗೆ, ಸ್ಕೂಟರ್ ಮಾರುವುದಿಲ್ಲ ಎಂದು ಮಾತು ಕೊಡುತ್ತಿದ್ದರು.

ಕರ್ಮ ಮಾಡಿದವನು ಸೋದರಮಾವ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಎಲ್ಲ ಕಡೆ ಹಾಜರಿ ಹಿಡಿಯುವವನ ಧ್ವನಿಯಲ್ಲೇ ಮಾತಾಡುತ್ತಾನೆ. ನಮ್ಮ ಆಚಾರ್ಯರು ಮಂತ್ರ ಹೇಳಿದರು. ಪಿಂಡದ ಪಕ್ಕದಲ್ಲಿ ತಂಗಿಗೆ ಸೇರುತ್ತಿದ್ದ ಭೇಳಪುರಿ, ಒಂದು ಲೋಟ ಚಹಾ, ಪೇರಲಹಣ್ಣು. ಅವುಗಳ ನಡುವೆ, ಬಾಳೆ ಎಲೆಯ ಚೂರಿನ ಮೇಲೆ, ಆ ಕಲ್ಲು. ತುಮಕೂರಿನ ಹುಡುಗ ನೀಲಿ ಕೈಗವಸು ಹಾಕಿಕೊಂಡು ಚಿಮ್ಮಟದಿಂದ ಹಿಡಿದು ಇಟ್ಟಿದ್ದ. ಆಚಾರ್ಯರು, “ಕೈಗೆ ಹಾಕ್ಕೊಂಡದ್ದು ಚರ್ಮದ್ದೇನು?” ಎಂದು ಕೇಳಿದರು. ಅಲ್ಲ, ರಬ್ಬರಿನದು ಎಂದು ಖಚಿತವಾದ ಮೇಲೆ ಒಪ್ಪಿದರು. ತಂಗಿಯ ಗೈಡ್ ಕೂಡ ಬಂದಿದ್ದರು. ಮರಾಠಿಯವರು, ಬಿಳಿ ಕಾಟನ್ ಸೀರೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದರು.

ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಬರಲಿಲ್ಲ.

ಮಾವ ಶುರು ಮಾಡಿದ. “ನಿಮ್ಮವ್ವನ್ನ ನಾ ನೋಡ್ಕೋತೀನಿ, ಕಾಳಜಿ ಮಾಡಬ್ಯಾಡ.” ಎದುರಿನ ಗೋಡೆಯ ಮೇಲಿದ್ದ ಕಾಗೆ ಕೊಕ್ಕು ತಿಕ್ಕಿಕೊಂಡಿತು.

“ನಿನ್ನ ಸ್ಕೂಟಿ ಅಕ್ಕಗ ಕೊಡ್ತೀವಿ.” ಇಲ್ಲ.

“ಅಕ್ಕನ ಮದಿವಿ...”

“ಮಾಮಾ, ಅದೊಂದು ಬಿಡು,” ಎಂದೆ.

ಅವ್ವ ಸಣ್ಣ ದನಿಯಲ್ಲಿ, “ಬೆಳ್ಳೊಳ್ಳಿ ಸಂಬಂಧ ಬೈದದ್ದು ಮನಸಿನಾಗ ಇಟ್ಕೋಬ್ಯಾಡವಾ,” ಎಂದಳು. ಕಾಗೆ ಅವಳ ಕಡೆ ಕತ್ತು ತಿರುಗಿಸಿತು. ನಾವೆಲ್ಲ ಉಸಿರು ಹಿಡಿದೆವು. ಅದು ತನ್ನ ರೆಕ್ಕೆಯ ಕೆಳಗೆ ಏನನ್ನೋ ಹುಡುಕತೊಡಗಿತು.

ಹುಡುಗನನ್ನು ಮಾವ ಮುಂದೆ ತಳ್ಳಿದ. ಅವನು ಕಾಗೆಗೆ ಕೈಮುಗಿದ. “ಪೇಪರ್ ಸಬ್ಮಿಟ್ ಮಾಡ್ತೀವಿ ಕಣೇ. ಪ್ರಾಮಿಸ್. ನಿನ್ನ ಹೆಸರೇ ಮೊದಲು. ನಂದು ಕೊನೆಗಾದ್ರೂ ಪರವಾಗಿಲ್ಲ.”

“ಕೊನೆಯ ಹೆಸರು ಗೈಡ್‌ದು ಇರುತ್ತದೆ,” ಎಂದು ಮೇಡಮ್ ಮರಾಠಿಯಲ್ಲಿ ಮೆಲ್ಲಗೆ ತಿದ್ದಿದರು. ಆಮೇಲೆ ಅವರಿಗೇ ಕಸಿವಿಸಿಯಾಗಿ, ಸೆರಗಿನಿಂದ ಮೂಗು ಒರೆಸಿಕೊಂಡರು.

ಇಷ್ಟಾದರೂ ಕಾಗೆ ಬರಲಿಲ್ಲವೆಂದು ಮಾವ ಇನ್ನೊಮ್ಮೆ ಎಳ್ಳುನೀರು ಬಿಟ್ಟ. ಕೈ ಜೋರಾಗಿ, ನೀರು ಎಲೆಯ ಮೇಲಿನ ಕಲ್ಲಿಗೂ ಬಿತ್ತು. ಮೂರ್ನಾಲ್ಕು ಎಳ್ಳು ಅದರ ಮೇಲೆ ಅಂಟಿ ಕುಳಿತವು.

ಆ ಹುಡುಗನ ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಹೊರಮೈ ಕೆಟ್ಟರೆ ಮೊದಲು ಒಂದು ಪದರ ಕಿತ್ತು ಹೊಸದು ಮಾಡು, ಆಮೇಲೆ ಮುಂದಿನ ಮಾತು: ಆ ಲ್ಯಾಬಿನಲ್ಲಿ ಅವರ ಕೈಗೆ ಅದೇ ಪಾಠ. ನನ್ನ ಕೈ ಮೇಣದ ಪಟ್ಟಿಗೆ ಹೋಗುವ ಹಾಗೆ ಅವನ ಕೈ ಜೇಬಿಗೆ ಹೋಯಿತು. ಟೇಪ್ ತೆಗೆದ, ಕೂತ, ಅಂಟಿಸಿದ, ಒತ್ತಿದ, ಒಂದೇ ಜಗ್ಗಿಗೆ ಎಳೆದ. ಎಳ್ಳು, ನೀರು, ಬೂದು ಪದರ ಎಲ್ಲ ಟೇಪಿನ ಜೊತೆ ಹೋದವು. ಬೆಳಗಿನ ಬಿಸಿಲು ನೇರವಾಗಿ ಕಲ್ಲಿಗೆ ಬಿದ್ದು, ನದಿಯ ಆಚೆಯ ಗೋಡೆಯ ಮೇಲೆ ಬೆಳಕಿನ ಬೊಟ್ಟೊಂದು ಕುಣಿಯಿತು.

ಕಾಗೆ ಬಂತು.

ಪಿಂಡ ನೋಡಲಿಲ್ಲ. ಭೇಳ ನೋಡಲಿಲ್ಲ. ಕಲ್ಲನ್ನು ಕೊಕ್ಕಿನಲ್ಲಿ ಎತ್ತಿಕೊಂಡು, ಎರಡು ಹೆಜ್ಜೆ ಕುಪ್ಪಳಿಸಿ, ಹಾರಿತು.

ಮೊದಲು ಓಡಿದವರು ಮೇಡಮ್. ಸೀರೆ ಎತ್ತಿ ಹಿಡಿದು, “ಏ! ಠೇವ್ ತೇ! ಖಾಲೀ ಠೇವ್!” ಎಂದು ಕೂಗುತ್ತ, ಇಟ್ಟುಬಿಡು ಕೆಳಗೆ ಎಂದು ಕಾಗೆಗೆ ಆಜ್ಞೆ ಮಾಡುತ್ತ, ಸಾಲಾಗಿ ಕೂತವರ ಪಿಂಡಗಳ ನಡುವೆ ಓಡಿದರು. ಹುಡುಗ ಚಿಮ್ಮಟ ಎತ್ತಿ ಹಿಡಿದು ಅವರ ಹಿಂದೆ. ಪಕ್ಕ ಕೂತಿದ್ದ ಮನೆಯವರ ಮುದುಕರೊಬ್ಬರು ಕೈಮುಗಿದು ನನಗೆ ಹೇಳಿದರು: ನಿಮ್ಮವರು ಪುಣ್ಯವಂತರು, ಕಾಗೆಗೆ ಇಷ್ಟು ಆತುರ ನಾನು ನೋಡಿಲ್ಲ. ಕಾಗೆ ಸೇತುವೆ ದಾಟಿ ಆಚೆ ದಂಡೆಯ ಮರಗಳಲ್ಲಿ ಕಾಣದಾಯಿತು.

“ಆತಲ್ರೀ,” ಎಂದರು ಆಚಾರ್ಯರು. “ಕಾಗಿ ಬಂತು, ಇಟ್ಟದ್ದು ಒಯ್ತು.”

“ಅನ್ನಕ್ಕ ಮುಟ್ಟಿಲ್ಲಲ್ರೀ,” ಎಂದಳು ಅವ್ವ.

“ಬಂದು ಹೋಗೂ ಮುಂದ ಉಗುರು ತಾಗಿರಬಹುದು.”

ಹೀಗಾಗಿ ನಾವೆಲ್ಲ ಪಿಂಡದ ಸುತ್ತ ಬಗ್ಗಿದೆವು. ಏದುಸಿರು ಬಿಡುತ್ತ ತಿರುಗಿ ಬಂದ ಹುಡುಗನೂ ಮಂಡಿಯೂರಿದ. ಅನ್ನದ ಉಂಡೆಯನ್ನು ಅವನು ನೋಡಿದ ಕ್ರಮ ಬೇರೆ. ತಲೆ ಓರೆ ಮಾಡಿ, ಬೆಳಕಿಗೆ ಎದುರಾಗಿ, ಸುತ್ತಲೂ. “ಇಲ್ಲೊಂದು ಗುರುತಿದೆ,” ಎಂದ.

ಅವ್ವನ ಕೈ ನನ್ನ ತೋಳನ್ನು ಹಿಡಿಯಿತು.

“ಅದು ನನ್ನ ಹೆಬ್ಬೆರಳು,” ಎಂದ ಮಾವ. “ಉಂಡಿ ಕಟ್ಟೂ ಮುಂದ ಒತ್ತೇದ.”

ಮತ್ತೆ ಕಾದೆವು. ಕಲ್ಲು ಒಯ್ದ ಕಾಗೆಯೂ ಬರಲಿಲ್ಲ, ಬೇರೆಯದೂ ಬರಲಿಲ್ಲ. ಬಿಸಿಲೇರಿತು. ಅವ್ವ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಕೊನೆಗೆ ಆಚಾರ್ಯರು ದರ್ಭೆಯಿಂದ ಕಾಗೆಯೊಂದನ್ನು ಕಟ್ಟಿದರು; ನಿಜವಾದದ್ದು ಬಾರದಿದ್ದರೆ ಶಾಸ್ತ್ರದಲ್ಲಿ ಅದಕ್ಕೆ ಅನುಮತಿ ಇದೆ. ಕೊಕ್ಕು, ಬಾಲ ಎಲ್ಲ ಇತ್ತು. ಅದನ್ನು ಪಿಂಡಕ್ಕೆ ಮುಟ್ಟಿಸಿದರು. ಕರ್ಮ ಮುಗಿಯಿತು.

ಮನೆಗೆ ಬಂದು ಅವ್ವನ ಮುಂದೆ ಮೊಸರನ್ನ ಕಲಸಿ ಇಟ್ಟೆ. ಮಾವ ಎದುರು ಕೂತು, “ಹುಲ್ಲಿಂದಾದ್ರೇನು, ಮುಟ್ಟೇದಿಲ್ಲೋ? ಉಣ್ಣವಾ,” ಎಂದ.

“ಹುಲ್ಲಿನ ಕಾಗಿ ನಾವಽ ಮಾಡಿದ್ದು. ನಾವು ಹೇಳಿದಂಗ ಕೇಳ್ತದ,” ಎಂದಳು ಅವ್ವ. ಆದರೂ ನಾಲ್ಕು ತುತ್ತು ಉಂಡಳು. ನನ್ನ ಮುಖ ನೋಡಿ ಉಂಡಿರಬೇಕು. ಆಮೇಲೆ ದಿನವೂ ಅಷ್ಟೇ, ನಾಲ್ಕೇ ತುತ್ತು.

ಈಗ ಬೆಳಿಗ್ಗೆ ಎದ್ದ ಕೂಡಲೇ ಗ್ಯಾಲರಿಯ ಕಟ್ಟೆಯ ಮೇಲೆ ಅನ್ನ ಇಡುತ್ತಾಳೆ. ಪಕ್ಕದಲ್ಲಿ ದಿನಕ್ಕೊಂದು ಹೊಸ ವಸ್ತು: ತಂಗಿಯ ಕೈಗಡಿಯಾರ, ಚಾರ್ಜರ್, ಅವಳು ಕಾಲೇಜಿನಲ್ಲಿ ಗೆದ್ದ ಹಿತ್ತಾಳೆ ಕಪ್. ಪ್ರತಿಯೊಂದಕ್ಕೂ, “ಇದೇನು? ಇದಲ್ಲೇನು?” ಎಂದು ಕೇಳುತ್ತ ನಿಲ್ಲುತ್ತಾಳೆ. ಬರುವುದು ಪಾರಿವಾಳಗಳು. ಪುಣೆಯಲ್ಲಿ ಅವು ಎಲ್ಲವನ್ನೂ ಮುಟ್ಟುತ್ತವೆ. ಅವು ಮುಟ್ಟಿದ್ದು ಲೆಕ್ಕಕ್ಕಿಲ್ಲ.

ತುಮಕೂರಿನ ಹುಡುಗ ರಜೆಯ ದಿನ ಆಚೆ ದಂಡೆಯ ಮರಗಳ ಕೆಳಗೆ ಹುಡುಕುತ್ತಾನೆ. ಒಂದೆರಡು ಸಲ ನಾನೂ ಹೋಗಿದ್ದೇನೆ. ಗಾಜಿನ ಚೂರು, ಔಷಧಿ ಮಾತ್ರೆಯ ಬೆಳ್ಳಿ ಹಾಳೆ, ಯಾರದೋ ಕಿವಿಯೋಲೆಯ ತಿರುಪು ಸಿಕ್ಕವು. ಕಾಗೆಯನ್ನು ಕರೆಸಲು ಅವನು ಲ್ಯಾಬಿನ ಉಳಿದ ಕಲ್ಲುಗಳನ್ನು, ಒಳಗೂ ಸೋರುವಂಥವನ್ನು, ಟೇಪ್ ಎಳೆದು ಹೊಳೆಯುವ ಹಾಗೆ ಮಾಡಿ ಘಾಟಿನ ಗೋಡೆಯ ಮೇಲೆ ಇಟ್ಟುನೋಡಿದ. ಹೊಳಪಿನಲ್ಲಿ ಏನೂ ಫರಕಿಲ್ಲ. ಒಂದು ಕಾಗೆ ಬಂದು ಒಂದೊಂದನ್ನೇ ನೋಡಿ, ಬಿಟ್ಟು ಹೋಯಿತು.

“ಅಕ್ಕಾ, ಇದರ ಒಳಗೆ ಲೀಕ್ ಆಗುತ್ತೆ ಅಂತ ಕಾಗೆಗೆ ಹೆಂಗ್ ಗೊತ್ತಾಯ್ತು? ನಮಗೆ ಅಷ್ಟು ತಿಳ್ಕೊಳೋಕೆ ಮೂರು ದಿನ ಬೇಕು,” ಎಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮಾಡುತ್ತಿರಲಿಲ್ಲ.

ಘಾಟಿನಲ್ಲಿ ಕಿತ್ತ ಟೇಪನ್ನು ಅವನು ಜೋಪಾನ ಮಾಡಿದ್ದ. ಅದಕ್ಕೆ ಅಂಟಿದ ಪದರ ಬಹಳ ತೆಳ್ಳಗೆ, ಎಳ್ಳಿನ ಎಣ್ಣೆ ಇಳಿದಿತ್ತು, ಕೆಲಸಕ್ಕೆ ಬರಲಿಲ್ಲ. ಅದೇ ತೂಕ, ಅದೇ ಕುಲುಮೆ, ಅದೇ ನಿಧಾನ ಹಿಡಿದು ಹೊಸ ಹರಳುಗಳನ್ನು ಬೆಳೆಸಿದರು. ಎಲ್ಲವೂ ಒಳಗೆ ಸೋರುತ್ತವೆ. ಮೇಡಮ್ ಒಂದು ದಿನ ಪಾರ್ಲರಿಗೇ ಬಂದು ಕುರ್ಚಿಯಲ್ಲಿ ಕುಳಿತರು. ಹುಬ್ಬು ಮಾಡಿಸಲು ಬಂದಿರಬಹುದೆಂದು ದಾರ ತೆಗೆದೆ. ಥೀಸಿಸನ್ನು ಕೊನೆಯ ಅಧ್ಯಾಯ ಬಿಟ್ಟು ಕೊಡುತ್ತಿದ್ದೇವೆ ಎಂದು ಹೇಳಲು ಬಂದಿದ್ದರು. ಹೇಳಿದ ಮೇಲೆ ಏಳಲಿಲ್ಲ. ಹಾಗಾಗಿ ಹುಬ್ಬನ್ನೂ ಮಾಡಿದೆ. ನೋವಿಗೆ ಅವರ ಕಣ್ಣಲ್ಲಿ ನೀರು ಬಂತು, ಎಲ್ಲರಿಗೂ ಬರುತ್ತದೆ.

ಆ ಸೋಮವಾರ ಎಣ್ಣೆ ತಿಕ್ಕುವಾಗ ಅವಳನ್ನು ಏನಾದರೂ ಕೇಳಬಹುದಿತ್ತು. ಹೋಗುವವಳೆಂದು ಗೊತ್ತಿರಲಿಲ್ಲ, ಯಾರೂ ಎಣ್ಣೆ ತಿಕ್ಕುತ್ತ ತಂಗಿಯ ಕೊನೆಯ ಆಸೆ ಕೇಳುವುದಿಲ್ಲ. ಘಾಟಿನಲ್ಲಿ ನಾವು ಹೇಳಿದ್ದೆಲ್ಲ ನಮಗೆ ತೋಚಿದ್ದು. ಅವಳು ನಮ್ಮ ಹತ್ತಿರ ಟೇಪ್ ಬಿಟ್ಟು ಬೇರೇನನ್ನೂ ಕೇಳಿದ ನೆನಪು ನನಗಿಲ್ಲ.

ಕಲ್ಲು ಸಿಕ್ಕಿಲ್ಲ. ಅವಳಿಗೆ ಏನು ಬೇಕಾಗಿತ್ತು ಎಂಬುದು ನಮಗೆ ಇನ್ನೂ ಗೊತ್ತಾಗಿಲ್ಲ.